ಕೊಟೇಶನ್ನಿನೊಳಗಿನ ದನಿ

ನನ್ನ ದನಿ ಚೆನ್ನಾಗಿಲ್ಲ. ಬೇಸರಪಟ್ಟುಕೊಂಡು ಹೇಳುತ್ತಿಲ್ಲ. ಪಾಲಾಕ್ಷಪ್ಪನವರ ಸೊಳ್ಳೆ ಜಾಲರಿ ಅಂಗಡಿಗೆ ನಾನು ಸೇರಿದ ಮೂರೇ ತಿಂಗಳಲ್ಲಿ ಅಲ್ಲಿನ ವ್ಯಾಪಾರ ಅರ್ಧಕ್ಕಿಳಿದದ್ದು ಯಾಕೆಂದು ಯಾರಾದರೂ ಕೇಳಿದರೆ ಅದಕ್ಕೆ ಇರುವ ಉತ್ತರ ಇದೊಂದೇ. ನಮ್ಮೂರಿನಲ್ಲಿ ಮಡಚಿದ ಕಾಗದವನ್ನು ಮೊದಲ ಸಲ ಬಿಡಿಸಿದಾಗ ಅದರಲ್ಲಿ ಬರೆದದ್ದೆಲ್ಲ ಬರೆದವರ ದನಿಯಲ್ಲಿ ಕೇಳಿಸುತ್ತದೆ. ಒಂದೇ ಸಲ. ಆಮೇಲೆ ಹೊಸದಾಗಿ ಏನಾದರೂ ಬರೆದು ಮಡಚುವವರೆಗೆ ಅದು ಬೇರೆ ಊರಿನ ಕಾಗದಗಳ ಹಾಗೆ ಸುಮ್ಮನಿರುತ್ತದೆ. ಕೈಯಲ್ಲಿ ಬರೆದರೂ ಅಷ್ಟೇ, ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದರೂ ಅಷ್ಟೇ. ಹಾಗಾಗಿ ನಮ್ಮಲ್ಲಿ ಲಗ್ನಪತ್ರಿಕೆ ಬರೆಸಲು ಹಾಡು ಕಲಿತವರನ್ನು ಹುಡುಕಿಕೊಂಡು ಹೋಗುತ್ತಾರೆ. ಮೇಷ್ಟರುಗಳು ಉತ್ತರಪತ್ರಿಕೆ ತಿದ್ದುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ನನ್ನ ಚಿಕ್ಕಮ್ಮ ತನ್ನ ಮಗಳ ಪತ್ರ ಬಂದರೆ ಕುಕ್ಕರ್ ಕೂಗುವವರೆಗೆ ಕಾದು, ಆ ಸದ್ದಿನಲ್ಲಿ ಬಿಡಿಸುತ್ತಾಳೆ, ಪಕ್ಕದ ಮನೆಗೆ ಕೇಳಬಾರದೆಂದು.

ನನಗಿಂತ ಮೊದಲು, ಗಿರಾಕಿಗಳಿಗೆ ದರ ತಿಳಿಸಿ ಕಳಿಸುವ ಅಂಗಡಿಯ ಕೊಟೇಶನ್‌ಗಳನ್ನು ಕುಮುದಿನಿ ಎಂಬಾಕೆ ಬರೆಯುತ್ತಿದ್ದಳು. ಅವಳ ದನಿ ಕೇಳಲಿಕ್ಕೆಂದೇ ಜನ ಕೊಟೇಶನ್ ತರಿಸಿಕೊಳ್ಳುತ್ತಿದ್ದರಂತೆ. ಅವಳನ್ನು ಬಸ್ ಸ್ಟ್ಯಾಂಡಿನ ಎದುರಿನ ದೊಡ್ಡ ಜಾಲರಿ ಕಂಪನಿಯವರು ಕರೆದುಕೊಂಡರು. ಅವಳ ಕುರ್ಚಿಗೆ ನಾನು ಬಂದೆ. ನಾನು ಮೆತ್ತಗೆ ಬರೆದರೂ ಜಗಳಕ್ಕೆ ನಿಂತ ಹಾಗೆಯೇ ಕೇಳಿಸುತ್ತದೆ. ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರ್ ಕೊಟೇಶನ್ ಹಿಡಿದುಕೊಂಡು ಅಂಗಡಿಗೇ ಬಂದಿದ್ದರು. "ಕಿಟಕಿಗೆ ಜಾಲರಿ ಬೇಕು ಅಂತ ಕೇಳಿದ್ದು ಕಣ್ರೀ, ಬೈಸ್ಕೊಳ್ಳೋಕಲ್ಲ," ಎಂದು ಮೇಜಿನ ಮೇಲಿಟ್ಟು ಹೋದರು. ಪಾಲಾಕ್ಷಪ್ಪನವರು ಒಳ್ಳೆಯ ಮನುಷ್ಯ. "ಹೋಗ್ಲಿ ಬಿಡು ಶಾಂಭವಿ, ಅವರ ಮನೇಲಿ ಸೊಳ್ಳೇನೇ ಇಲ್ಲ," ಎಂದಷ್ಟೇ ಹೇಳಿದರು.

ಆ ವರ್ಷ ಪುರಸಭೆಯವರು ಊರಿನ ಎಲ್ಲ ಕಿಟಕಿಗಳಿಗೂ ಮಳೆಗಾಲಕ್ಕೆ ಮೊದಲು ಜಾಲರಿ ಹಾಕಿಸಬೇಕೆಂದು ಆಟೋದಲ್ಲಿ ಸಾರಿಸಿದರು. ಉಳಿದಿದ್ದು ಇಪ್ಪತ್ತು ದಿನ. ಆ ದೊಡ್ಡ ಕಂಪನಿಯಲ್ಲಿ ಕುಮುದಿನಿಯ ಜೊತೆ ಇನ್ನೂ ಹನ್ನೊಂದು ಜನ ಬರೆಯುವವರಿದ್ದರು. ನಮ್ಮಲ್ಲಿ ನಾನೊಬ್ಬಳು. ಮನೆಯ ಹೆಸರು, ಕಿಟಕಿಗಳ ಅಳತೆ, ಜಾಲರಿಯ ಬಗೆ, ದರ ಎಲ್ಲ ನೋಡಿ ನೋಡಿ ಟೈಪ್ ಮಾಡಿದರೆ ದಿನಕ್ಕೆ ಹದಿನೈದು ಕೊಟೇಶನ್ ಆಗುತ್ತಿತ್ತು. ಈ ಸಲ ಕೈತಪ್ಪಿದರೆ ಅಂಗಡಿ ಮುಚ್ಚುವುದೇ ಎಂದು ಪಾಲಾಕ್ಷಪ್ಪನವರು ಎಲ್ಲರನ್ನೂ ಕೂರಿಸಿ ಹೇಳಿದರು. ಎಲ್ಲರೂ ಎಂದರೆ ನಾನು, ಚೌಕಟ್ಟು ಹೊಡೆಯುವ ಖಾಸಿಂ ಸಾಬರು, ಜಾಲರಿ ಕತ್ತರಿಸುವ ಹಾಲೇಶಪ್ಪನವರು, ಮತ್ತೆ ಫಿಟಿಂಗಿಗೆ ಹೋಗುವ ಮೂವರು.

ನಮ್ಮ ಹತ್ತಿರ ಒಂದು ಸೊತ್ತಿತ್ತು. ಹಾಲೇಶಪ್ಪನವರು ಮೊದಲು ಮನೆಮನೆಗೆ ಹೋಗಿ ಕಿಟಕಿ ಅಳೆಯುವ ಕೆಲಸ ಮಾಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಸಾವಿರದ ನಾನೂರ ಹನ್ನೆರಡು ಮನೆ. ಅಳೆದು ಬಂದು ಎರಡೇ ಬೆರಳಲ್ಲಿ ಎಲ್ಲವನ್ನೂ ಕಂಪ್ಯೂಟರಿನ ಡೇಟಾಬೇಸಿಗೆ ತಾವೇ ಟೈಪ್ ಮಾಡುತ್ತಿದ್ದರು. ಒಂದು ಕಾಲಂನಲ್ಲಿ ಮನೆಯವರ ಹೆಸರು, ಒಂದರಲ್ಲಿ ಗುರುತು, ಒಂದರಲ್ಲಿ ಕೋಣೆ, ಒಂದರಲ್ಲಿ ಅಳತೆ, ಕೊನೆಯಲ್ಲಿ ಷರಾ. ಆ ಮನೆಗಳಲ್ಲಿ ಕೆಲವರಷ್ಟೇ, ಅದೂ ಒಂದೆರಡು ಕಿಟಕಿಗೆ, ಜಾಲರಿ ಹಾಕಿಸಿದ್ದರು, ಮಿಕ್ಕವರು 'ಆಮೇಲೆ ಹೇಳ್ತೀವಿ' ಗಿರಾಕಿಗಳು. ಎರಡು ವರ್ಷದ ಹಿಂದೆ ಹಾಲೇಶಪ್ಪನವರಿಗೆ ಗಂಟಲಿನ ಕಾಯಿಲೆಯಾಗಿ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದಿದ್ದರು. ಅಂದಿನಿಂದ ಅವರು ಕತ್ತರಿ ಮೇಜಿಗೆ ಬಂದರು. ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಸ್ಲೇಟು ಮಡಚುವ ವಸ್ತುವಲ್ಲವಲ್ಲ, ಸದ್ದಿಲ್ಲ.

ನನಗೆ ಹೊಳೆದದ್ದು ಸರಳವಾದ ವಿಷಯ. ಡೇಟಾಬೇಸು ಒಂದು ಕಡೆ ಇದೆ, ಪತ್ರ ಬರೆಯುವ ಸಾಫ್ಟ್‌ವೇರ್ ಇನ್ನೊಂದು ಕಡೆ ಇದೆ, ಮಧ್ಯೆ ನಾನು ಅದನ್ನು ನೋಡಿ ಇದಕ್ಕೆ ಬಡಿಯುತ್ತಾ ಕೂತಿದ್ದೇನೆ. ಎರಡನ್ನೂ ಜೋಡಿಸಿಬಿಟ್ಟರೆ? ಪತ್ರವನ್ನು ಒಂದೇ ಒಂದು ಸಲ ಬರೆದು, ಹೆಸರು ಬರಬೇಕಾದ ಜಾಗ, ಅಳತೆ ಬರಬೇಕಾದ ಜಾಗ ಖಾಲಿ ಬಿಟ್ಟು, ಯಾವ ಜಾಗಕ್ಕೆ ಯಾವ ಕಾಲಂನಿಂದ ತರಬೇಕೆಂದು ಹೇಳಿಕೊಟ್ಟರೆ ಸಾವಿರದ ನಾನೂರ ಹನ್ನೆರಡು ಕೊಟೇಶನ್‌ಗಳೂ ತಾವಾಗಿಯೇ ತಯಾರಾಗಬೇಕು. ಮೂರು ದಿನ ಹಿಡಿಯಿತು. ಮೊದಲ ಸಲ ಊರಿನವರೆಲ್ಲರೂ 'ತಿಪ್ಪಣ್ಣ ಹಿಟ್ಟಿನ ಗಿರಣಿ' ಆದರು. ಎರಡನೇ ಸಲ ಮನೆಯ ಗುರುತಿನ ಜಾಗಕ್ಕೆ ಕಿಟಕಿಯ ಅಳತೆ ಬಂದು ಕೂತಿತು.

ಕೆಲಸ ಒಂದು ಹದಕ್ಕೆ ಬರುತ್ತಿದ್ದ ಹಾಗೆ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಕುತೂಹಲ. ಇದನ್ನು ಬಿಡಿಸಿದರೆ ಯಾರ ದನಿ ಬರುತ್ತದೆ? ಬರೆಯುವವರೇ ಇಲ್ಲದ ಕಾಗದ ನಮ್ಮೂರಿನಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

"ಮಷೀನ್ ದನಿ ಬರುತ್ತೆ ನೋಡಮ್ಮ. ಗಿರಣಿ ತಿರುಗಿದಂಗೆ," ಎಂದರು ಖಾಸಿಂ ಸಾಬರು.

"ಏನೂ ಬರಲ್ಲ. ಖಾಲಿ ಕಾಗದ ಬಿಡಿಸಿದಂಗೆ ಇರುತ್ತೆ," ಎಂದರು ಪಾಲಾಕ್ಷಪ್ಪನವರು. ನನ್ನ ದನಿ ಬಾರದಿದ್ದರೆ ಸಾಕು ಎಂದು ಅವರು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು ಎಂದು ನನ್ನ ಅನುಮಾನ.

ಒಂದನ್ನು ಪ್ರಿಂಟ್ ತೆಗೆದು ಮಡಚಿದೆ. ಎಲ್ಲರೂ ಹತ್ತಿರ ಬಂದರು. ಹಾಲೇಶಪ್ಪನವರು ಮಾತ್ರ ತಮ್ಮ ಮೇಜಿನಲ್ಲೇ ಕತ್ತರಿ ಆಡಿಸುತ್ತಿದ್ದರು. ನಾನು ಬಿಡಿಸಿದೆ.

"ಮಾನ್ಯರೇ, ನಿಮ್ಮ," ಎಂದಿತು ಕಾಗದ. ನನ್ನದೇ ಗಡಸು ದನಿ. ಪಾಲಾಕ್ಷಪ್ಪನವರ ಮುಖ ಇಳಿಯಿತು. ಅಷ್ಟರಲ್ಲಿ ಇನ್ನೊಂದು ದನಿ, ಗಂಡಸಿನದು, ಅವಸರವಿಲ್ಲದ್ದು, "ಬಿದಿರು ಓಣಿ, ನೀರಿನ ಟ್ಯಾಂಕಿನ ಹಿಂದಿನ," ಎಂದಿತು. "ಮನೆಯ," ಎಂದಿತು ನನ್ನ ದನಿ. "ಅಡುಗೆಮನೆ ಕಿಟಕಿ, ಮೂರಡಿ ಎರಡಿಂಚು," ಎಂದಿತು ಅದು. ಕಿಟಕಿಯ ಮುಂದೆಯೇ ನಿಂತು ಟೇಪು ನೋಡುತ್ತಾ ಹೇಳಿದ ಹಾಗಿತ್ತು. ಹೀಗೆ ನಾನೊಂದು ಮಾತು, ಅದೊಂದು ಮಾತು, ಕೊನೆಯವರೆಗೂ ಹೋಯಿತು. ನಾನು ಟೈಪ್ ಮಾಡಿದ್ದು ನನ್ನ ದನಿಯಲ್ಲಿ, ಡೇಟಾಬೇಸಿನಿಂದ ಬಂದದ್ದು ಆ ದನಿಯಲ್ಲಿ.

"ಇದು ಯಾರು?" ಎಂದು ಕೇಳಿದೆ. ಖಾಸಿಂ ಸಾಬರ ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ಎಲ್ಲರೂ ಕತ್ತರಿ ಮೇಜಿನ ಕಡೆ ನೋಡುತ್ತಿದ್ದರು. ನಾನು ಅಂಗಡಿಗೆ ಸೇರಿದ್ದು ಆಪರೇಷನ್ ಆದಮೇಲೆ, ಅವರು ಮಾತಾಡಿದ್ದನ್ನು ಒಂದು ದಿನವೂ ಕೇಳಿದವಳಲ್ಲ. ಹಾಲೇಶಪ್ಪನವರು ಕತ್ತರಿ ಕೆಳಗಿಟ್ಟು ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡರು. ಮಡಚಿದರು, ಬಿಡಿಸಿದರು. ಇನ್ನೊಂದು ಸಲ ಮಡಚಿ ಬಿಡಿಸಿದರು. ಅದು ಸುಮ್ಮನಿತ್ತು. ಸ್ಲೇಟು ತೆಗೆದು 'ಇನ್ನೊಂದು' ಎಂದು ಬರೆದು ತೋರಿಸಿದರು. ಇನ್ನೊಂದು ಪ್ರಿಂಟ್ ತೆಗೆದುಕೊಟ್ಟೆ. ಬಾಗಿಲ ಹತ್ತಿರ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ನಿಂತು ಬಿಡಿಸಿದರು. ಆಮೇಲೆ ಬಂದು ಸ್ಲೇಟು ಒರೆಸಿ 'ಇದು ಬೇಡ' ಎಂದು ಬರೆದರು.

"ಯಾಕೋ ಹಾಲೇಶಿ?" ಎಂದರು ಪಾಲಾಕ್ಷಪ್ಪನವರು. "ಇವೆಲ್ಲ ನೀನೇ ಹೋಗಿ ಅಳೆದ ಮನೆಗಳು. ನಿನ್ನ ದನಿ ಕೇಳಿದ್ರೆ ಜನ ಕರೆದು ಆರ್ಡರ್ ಕೊಡ್ತಾರೆ. ಅಂಗಡಿ ಉಳಿಯುತ್ತೆ."

'ಮನೆಯಲ್ಲಿ ಗೊತ್ತಾಗುತ್ತೆ' ಎಂದು ಬರೆದು ಹಾಲೇಶಪ್ಪನವರು ಮತ್ತೆ ಜಾಲರಿಗೆ ಕತ್ತರಿ ಹಾಕಿದರು. ಪಾಲಾಕ್ಷಪ್ಪನವರು ಒತ್ತಾಯಿಸಲಿಲ್ಲ. ದನಿ ಅವರದು. ಅಲ್ಲಿಗೆ ಎಂಟು ದಿನ ಕಳೆದಿತ್ತು.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಾಲೇಶಪ್ಪನವರು ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಹೀಗೆ ಅವರು ನನಗೆ ಹೇಳಿದ್ದು ಇಷ್ಟು. ಆಪರೇಷನ್ನಿನ ದಿನ ಬೆಳಿಗ್ಗೆ ಅವರ ಹೆಂಡತಿ ದಾಕ್ಷಾಯಣಮ್ಮ ಮಂಚದ ಪಕ್ಕ ನಿಂತು ಒಂದೇ ಸಮನೆ ಮಾತಾಡುತ್ತಿದ್ದರು. ಸ್ವೆಟರ್ ತಂದಿದ್ದೇನೆ, ಡಾಕ್ಟರು ಒಳ್ಳೆಯವರಂತೆ, ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ. ಭಯಕ್ಕೆ ಮಾತಾಡುತ್ತಿದ್ದರು. ಭಯ ಇವರಿಗೂ ಇತ್ತು. 'ಸ್ವಲ್ಪ ಬಾಯಿ ಮುಚ್ಚು' ಎಂದುಬಿಟ್ಟರು. ಅಷ್ಟರಲ್ಲಿ ಒಳಗೆ ಕರೆದುಕೊಂಡು ಹೋದರು. ಇವರು ಆಡಿದ ಕೊನೆಯ ಮಾತು ಅದೇ. ಅವತ್ತಿನಿಂದ ಆಕೆ ಮನೆಯಲ್ಲಿ ಊಟಕ್ಕೆ ಬನ್ನಿ, ಬಾಗಿಲು ಹಾಕಿಕೊಳ್ಳಿ ಎಂಬುದನ್ನು ಬಿಟ್ಟರೆ ಹೆಚ್ಚು ಮಾತಾಡಿಲ್ಲ. ಸಿಟ್ಟಲ್ಲ. ಮಾತಾಡಿದರೆ ಇವರಿಗೆ ನೋವಾಗುತ್ತದೋ ಏನೋ ಎಂದು ಸುಮ್ಮನಿರುವುದು ಅಭ್ಯಾಸವಾಗಿಬಿಟ್ಟಿದೆ. ಈಗ ಈ ಕೊಟೇಶನ್‌ಗಳು ಹೋದರೆ ಆಕೆ ಯಾವುದೋ ನೆರೆಮನೆಯ ಕಿಟಕಿಯಿಂದ, 'ಮೂರಡಿ ಎರಡಿಂಚು' ಎನ್ನುವ ಗಂಡನ ದನಿ ಕೇಳಬೇಕಾಗುತ್ತದೆ.

ಕೊನೆಗೆ ಅವರು ಬರೆದದ್ದು ಇದು. 'ಡೇಟಾಬೇಸಿನಲ್ಲಿ ನನ್ನ ಪದಗಳು ಎಷ್ಟಿವೆ? ಅವುಗಳಲ್ಲಿ ಅವಳಿಗೆ ಒಂದು ಪತ್ರ ಆಗುತ್ತಾ?'

ನನಗೆ ಊಟ ಮರೆತುಹೋಯಿತು. ಒಂದು ಪೂರ್ತಿ ಕಾಲಂ ತರುವುದನ್ನು ಮಾಡಿದ್ದೆ, ಒಂದು ಸಾಲಿನಿಂದ ಒಂದೇ ಪದ ಎತ್ತಿ ತರುವುದನ್ನು ಮಾಡಿರಲಿಲ್ಲ. ನಾನು ಕೈಯಾರೆ ಟೈಪ್ ಮಾಡಿದರೆ ನನ್ನ ದನಿ ಬರುತ್ತದೆ, ಆದ್ದರಿಂದ ಪ್ರತಿ ಪದವನ್ನೂ ಯಂತ್ರವೇ ಹೋಗಿ ಎತ್ತಿಕೊಂಡು ಬರಬೇಕು. ಅದನ್ನು ಕಲಿತುಕೊಳ್ಳಲು ಆ ಮಧ್ಯಾಹ್ನ ಸರಿಹೋಯಿತು. ಮುಂದಿನ ಎರಡು ಮಧ್ಯಾಹ್ನ ನಾವಿಬ್ಬರೂ ಹುಡುಕುತ್ತಾ ಕೂತೆವು. ಅಳತೆಗಳಲ್ಲಿ ಸಿಗುವುದೇನೂ ಇರಲಿಲ್ಲ, ಇದ್ದದ್ದೆಲ್ಲ ಷರಾ ಕಾಲಂನಲ್ಲಿ. 'ನಾಯಿ ಇದೆ, ಗೇಟು ತಟ್ಟಿ.' 'ಅಜ್ಜಿಗೆ ಗಾಳಿ ಬೇಕಂತೆ, ಒಂದು ಕಿಟಕಿ ಬಿಡುವುದು.' 'ಆವತ್ತು ಯಾರೂ ಇರಲಿಲ್ಲ.' ಹನ್ನೊಂದು ವರ್ಷದಲ್ಲಿ ಊರಿನವರು ಬಾಗಿಲಲ್ಲಿ ನಿಂತು ಆಡಿದ ಮಾತುಗಳೆಲ್ಲ ಅಲ್ಲಿದ್ದವು. ಓದುತ್ತಾ ಹಾಲೇಶಪ್ಪನವರು ಅಲ್ಲಲ್ಲಿ ನಗುತ್ತಿದ್ದರು, ನಕ್ಕರೆ ಭುಜ ಮಾತ್ರ ಅಲುಗುತ್ತಿತ್ತು.

ಹೆಂಡತಿಯ ಹೆಸರು ಸಿಕ್ಕಿದ್ದು ಗುರುತಿನ ಕಾಲಂನಲ್ಲಿ, 'ದಾಕ್ಷಾಯಣಿ ಹಾಲಿನ ಡೈರಿ ಎದುರು.' 'ಆವತ್ತು' ಆಗಲೇ ಸಿಕ್ಕಿತ್ತು. 'ಫೋನಿನಲ್ಲಿ ಹೇಳಿದ್ದು ಬೇರೆ ಅಳತೆ' ಎಂಬಲ್ಲಿ 'ಹೇಳಿದ್ದು' ಇತ್ತು. 'ತಪ್ಪಾಯಿತು' ಬೇಕು ಎಂದು ಅವರು ಬರೆದಾಗ ಸಿಗುತ್ತದೋ ಇಲ್ಲವೋ ಎಂದುಕೊಂಡೆ, ಆದರೆ ಸಿಕ್ಕಿತು. 'ಅಳತೆ ತಪ್ಪಾಯಿತು, ಮತ್ತೆ ಹೋಗಬೇಕು.' 'ನೀನು' ಎಂಬ ಪದ ಎಲ್ಲಿಯೂ ಇರಲಿಲ್ಲ. ಗಿರಾಕಿಗಳನ್ನು ಯಾರು ನೀನು ಎನ್ನುತ್ತಾರೆ? ಕೊನೆಯ ವಾಕ್ಯಕ್ಕೆ 'ಮಾತು' ಒಂದು ಕಡೆಯಿಂದ, 'ಕೆಲಸ ನಿಲ್ಲಿಸಬೇಡಿ ಅಂದರು' ಎಂಬಲ್ಲಿಂದ 'ನಿಲ್ಲಿಸಬೇಡಿ' ತಂದೆವು. ಪತ್ರ ಹೀಗಾಯಿತು: ದಾಕ್ಷಾಯಣಿ. ಆವತ್ತು ಹೇಳಿದ್ದು ತಪ್ಪಾಯಿತು. ಮಾತು ನಿಲ್ಲಿಸಬೇಡಿ.

ಅದನ್ನು ಕೊಡಲು ನನ್ನನ್ನೂ ಕರೆದುಕೊಂಡು ಹೋದರು. ಹೇಗೆ ಆಯಿತೆಂದು ಆಕೆ ಕೇಳಿದರೆ ಸ್ಲೇಟಿನಲ್ಲಿ ವಿವರಿಸಲು ಸಾಧ್ಯವಿಲ್ಲ ಎಂದು. ದಾಕ್ಷಾಯಣಮ್ಮ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಗಟ್ಟಿ ಆಳು, ಗಂಡನಿಗಿಂತ ಒಂದು ಗೇಣು ಎತ್ತರ. ನನ್ನನ್ನು ಬಾಮ್ಮ ಎಂದು ಕರೆದು, ಕೈ ತೊಳೆದುಕೊಂಡು ಬಂದು ಕಾಗದ ತೆಗೆದುಕೊಂಡರು. ಬಿಡಿಸಿದರು.

ಪತ್ರ ಹೇಳುವುದನ್ನು ಹೇಳಿ ಮುಗಿಸಿತು. ನಾಲ್ಕು ಉಸಿರಿನಷ್ಟು ಹೊತ್ತು. ಆಕೆಯ ಕಣ್ಣು ತುಂಬಿತ್ತು, ಆದರೆ ಹುಬ್ಬು ಗಂಟಾಗಿತ್ತು.

"ಇದು ನಂಗೆ ಹೇಳಿದ್ದಲ್ಲ," ಎಂದರು.

ನಾನು ಯಂತ್ರ, ಕಾಲಂ ಎಂದು ಏನೋ ವಿವರಿಸಲು ಹೋದೆ.

"ಅದಲ್ಲಮ್ಮ. ದನಿ ಇವರದೇ. ಆದ್ರೆ ಈ 'ತಪ್ಪಾಯಿತು' ಇದೆಯಲ್ಲ, ಇದು ಬಿಸಿಲಲ್ಲಿ ಅದೇ ಮನೆಗೆ ಎರಡನೇ ಸಲ ಹೋಗ್ಬೇಕಲ್ಲ ಅನ್ನೋ ಸಿಟ್ಟಿನ ದನಿ. ಮೂವತ್ತು ವರ್ಷ ಕೇಳಿದೀನಿ, ನಂಗೆ ಗೊತ್ತಾಗಲ್ವಾ?" ಎಂದವರು ಗಂಡನ ಕಡೆ ತಿರುಗಿದರು. "ಅದೂ 'ನಿಲ್ಲಿಸಬೇಡಿ' ಅಂತೆ! ಮದುವೆಯಾದಾಗಿಂದ ಮೊದಲ್ನೇ ಸಲ ನಂಗೆ ಬಹುವಚನ!"

ಹಾಲೇಶಪ್ಪನವರ ಭುಜ ಅಲುಗಲಿಲ್ಲ. ಅವರು ನೆಲ ನೋಡುತ್ತಿದ್ದರು. ದಾಕ್ಷಾಯಣಮ್ಮನ ದನಿ ಸಣ್ಣದಾಯಿತು.

"ಆಪರೇಷನ್ ಆದ್ಮೇಲೆ ಒಂದೇ ಒಂದು ಚೀಟಿ ಬರೆದಿದ್ರಿ ನಂಗೆ, ಆಸ್ಪತ್ರೇಲಿ. ಬಿಡಿಸಿದ್ರೆ ಬರೀ ಗಾಳಿ ಬಂತು. ನಾನು ಅತ್ತುಬಿಟ್ಟೆ ಅಂತ ನೀವು ಬರೆಯೋದೇ ಬಿಟ್ರಿ. ನಾನು ಅತ್ತಿದ್ದು ಗಾಳಿ ಬಂತು ಅಂತಲ್ಲ ಕಣ್ರೀ. ನೀವು ಬದುಕಿದ್ರಿ ಅಂತ. ಯಾಕೆ ಅಳ್ತೀಯ ಅಂತ ಕೇಳ್ಬೇಕು ಅಂತ ಒಂದು ದಿನಾನೂ ಅನ್ನಿಸ್ಲಿಲ್ವಾ ನಿಮಗೆ? ಎಲ್ಲ ಆ ಸ್ಲೇಟು. ಬರೆದು ಬರೆದು ಒರೆಸೋದು." ಪತ್ರವನ್ನು ತಿರುಗಿಸಿ ಅದರ ಖಾಲಿ ಬೆನ್ನನ್ನು ಗಂಡನ ಮುಂದೆ ಹಿಡಿದರು. "ಗಾಳಿನೇ ಬರ್ಲಿ. ಬರೀರಿ."

ನಾನು ನನ್ನ ಪೆನ್ನು ಕೊಟ್ಟೆ. ಹಾಲೇಶಪ್ಪನವರು ಜಗಲಿಯ ಮೇಲೆ ಕಾಗದವಿಟ್ಟುಕೊಂಡು ಬರೆಯತೊಡಗಿದರು. ಮುಗಿಯಿತು ಎಂದುಕೊಂಡೆ, ಇನ್ನೂ ಬರೆದರು. ಮಡಚಿ ಕೊಟ್ಟರು. ಆಕೆ ಬಿಡಿಸಿದಾಗ ಅಂಗಳದಲ್ಲಿ ಕೇಳಿಸಿದ್ದು ಬರೀ ಉಸಿರು. ಎಳೆದು ಬಿಟ್ಟ, ನಡುವೆ ತಡೆದ, ಮತ್ತೆ ಮುಂದುವರಿದ ಉಸಿರು. ಅದರಲ್ಲಿ ಪದಗಳಿರಲಿಲ್ಲ, ಆದರೆ ಎಲ್ಲಿ ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಯಿತೆಂದು ನನಗೂ ತಿಳಿಯುತ್ತಿತ್ತು. ದಾಕ್ಷಾಯಣಮ್ಮ ಕಿವಿ ಕಾಗದಕ್ಕೆ ಹಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ ಕಣ್ಣಿಂದ ಓದಿದರು. ಏನು ಬರೆದಿತ್ತೆಂದು ನಾನು ನೋಡಲಿಲ್ಲ. ಆಕೆ ಸೆರಗಿನಿಂದ ಮೂಗೊರೆಸಿಕೊಂಡು, "'ಕ್ಷಮಿಸು'ಗೆ ಒತ್ತು ಬಿಟ್ಟಿದೀರಿ," ಎಂದರು. ಆಮೇಲೆ ನನ್ನ ಕಡೆ ನೋಡಿ, "ಕಿಟಕಿ ಕಾಗದ ಎಲ್ಲಾ ಕಳಿಸಮ್ಮ. ಊರೆಲ್ಲ ಕೇಳ್ಲಿ. ಅಳತೆ ಹೇಳೋ ದನಿ ತಾನೇ ಅದು," ಎಂದರು.

ಸಾವಿರದ ನಾನೂರ ಹನ್ನೆರಡು ಕೊಟೇಶನ್‌ಗಳು ಮಾರನೆಯ ದಿನ ಒಂದೇ ಬೆಳಿಗ್ಗೆ ಪ್ರಿಂಟಾದವು. ಮಡಚಲು ಖಾಸಿಂ ಸಾಬರ ಮನೆಯವರೆಲ್ಲ ಬಂದರು. ಎರಡು ದಿನ ಊರಿನ ಓಣಿಗಳಲ್ಲಿ ನಾನೂ ಹಾಲೇಶಪ್ಪನವರೂ ಒಬ್ಬರ ಮಾತಿಗೊಬ್ಬರು ಸೇರಿಸುತ್ತಾ ಕೇಳಿಸುತ್ತಿದ್ದೆವು. ಒಬ್ಬಳು ಜಗಳಗಂಟಿಯನ್ನು ಒಬ್ಬ ತಾಳ್ಮೆಯ ಮನುಷ್ಯ ಸಮಾಧಾನ ಮಾಡುತ್ತಿರುವ ಹಾಗಿದೆ ಎಂದು ಜನ ನಕ್ಕರಂತೆ. ನಕ್ಕವರೇ ಬಂದರು. "ನಮ್ಮ ಅಜ್ಜಿ ಕಿಟಕಿ ಇನ್ನೂ ನೆನಪಿದೆಯಾ ಹಾಲೇಶಪ್ಪ?" ಎಂದು ಕತ್ತರಿ ಮೇಜಿನ ಹತ್ತಿರ ಬಂದು ಕೇಳಿದರು. ಆ ಪೋಸ್ಟ್ ಮಾಸ್ಟರೂ ಬಂದರು. ಮಳೆ ಹಿಡಿಯುವ ಹೊತ್ತಿಗೆ ಒಂಬೈನೂರಕ್ಕೂ ಹೆಚ್ಚು ಮನೆಗಳ ಕೆಲಸ ನಮ್ಮ ಕೈಗೆ ಬಂದಿತ್ತು, ಪಾಲಾಕ್ಷಪ್ಪನವರು ಅಂಗಡಿ ಮುಚ್ಚುವ ಮಾತೆತ್ತಲಿಲ್ಲ.

ಹೊಸ ಬಡಾವಣೆಯ ಮನೆಗಳು ಮಾತ್ರ ನಮ್ಮ ಡೇಟಾಬೇಸಿನಲ್ಲಿ ಇರಲಿಲ್ಲ. ಅಳೆಯಲು ಹಾಲೇಶಪ್ಪನವರೇ ಹೊರಟರು, ಟೈಪ್ ಮಾಡುವುದು ಯಾರು ಎಂಬ ಪ್ರಶ್ನೆ ಬಂತು. ದಾಕ್ಷಾಯಣಮ್ಮ ಒಂದು ಬೆಳಿಗ್ಗೆ ಗಂಡನ ಹಿಂದೆಯೇ ಅಂಗಡಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ಅವರು ಬೆರಳಲ್ಲಿ ತೋರಿಸ್ತಾರೆ, ನಾನು ಬರ್ಕೊಂಡು ಬಂದು ಒತ್ತುತೀನಿ. ಎಲ್ಲಿ ಒತ್ತಬೇಕು ತೋರ್ಸಮ್ಮ," ಎಂದರು. ವಾರದಲ್ಲಿ ಕಲಿತರು. ಸಾವಿರದ ನಾನೂರ ಹದಿಮೂರನೇ ಸಾಲಿನಿಂದ ಡೇಟಾಬೇಸು ಅವರದು.

ಹೊಸ ಕೊಟೇಶನ್‌ಗಳಲ್ಲಿ ನಾನೊಂದು ತಪ್ಪು ಮಾಡಿದೆ. ಪತ್ರ ಹೊಂದಿಸುವಾಗ ಷರಾ ಕಾಲಂ ಕೂಡ ಜೋಡಿಸಿ ಹಾಗೇ ಬಿಟ್ಟಿದ್ದೆ, ಗಮನಿಸಲಿಲ್ಲ. ಎರಡು ದಿನದ ನಂತರ ಬಡಾವಣೆಯಿಂದ ಒಬ್ಬ ಶಾಲೆಯ ಟೀಚರ್ ಫೋನ್ ಮಾಡಿದರು. ಕೊಟೇಶನ್ ಬಿಡಿಸಿದಾಗ ಅವರ ಮಲಗುವ ಕೋಣೆಯ ಕಿಟಕಿಯ ಬಗ್ಗೆ ಒಬ್ಬ ಹೆಂಗಸು ಹೀಗೆ ಹೇಳಿದಳಂತೆ: "ನಾಲ್ಕಡಿ ಒಂದಿಂಚು. ಇವರು ಎರಡಿಂಚು ಅಂತಾರೆ. ಟೇಪು ಸಡಿಲ ಹಿಡಿದಿದ್ದಾರೆ, ನಾನು ಕಣ್ಣಾರೆ ನೋಡಿದೀನಿ. ಹೇಳಿದ್ರೆ ಕೇಳಲ್ಲ."

ಪಾಲಾಕ್ಷಪ್ಪನವರು ಹಣೆ ಹಿಡಿದುಕೊಂಡು ಆ ಕಾಲಂ ಈಗಲೇ ತೆಗೆದುಹಾಕು ಎಂದರು. ತೆಗೆದೆ. ಆದರೆ ಟೀಚರ್ ಫೋನ್ ಮಾಡಿದ್ದು ದೂರು ಹೇಳಲಿಕ್ಕಲ್ಲ. ಜಾಲರಿ ಬೇಕು, ಆದರೆ ಗಂಡ ಹೆಂಡತಿಯಲ್ಲಿ ಯಾರ ಅಳತೆ ಸರಿಯೆಂದು ಮೊದಲು ತಿಳಿಯಬೇಕಿತ್ತು ಅವರಿಗೆ. ಅಷ್ಟರಲ್ಲಿ ದಾಕ್ಷಾಯಣಮ್ಮ ಎದ್ದು ಚಪ್ಪಲಿ ಮೆಟ್ಟಿದ್ದರು. ಹಾಲೇಶಪ್ಪನವರು ಟೇಪು ಜೇಬಿಗಿಳಿಸಿ, ಎರಡು ಬೆರಳು ಎತ್ತಿ ಹೆಂಡತಿಯ ಮುಖದ ಮುಂದೆ ಹಿಡಿದರು. "ಒಂದು!" ಎಂದು ಆಕೆ ಬೆರಳೊಂದನ್ನು ಮಡಚಿದರು. ಸಾಕ್ಷಿಗೆ ನಾನೂ ಹೋದೆ. ಟೀಚರ ಮನೆಯವರೆಗೂ ದಾಕ್ಷಾಯಣಮ್ಮನ ಮಾತು ನಿಲ್ಲಲಿಲ್ಲ. ಅಳೆದು ನೋಡಿದರೆ ನಾಲ್ಕಡಿ ಒಂದೂವರೆ ಇಂಚು.